ನಳಿಗೆಯ ಮೊನೆ ಮಸುಕಾದಾಗ: ರೆಡ್ ಡಾಟೋ, ಸ್ಕೋಪೋ?

ಪ್ರಶ್ನೆ: ಮಾನ್ಯರೇ, ನನಗೆ 61 ವರ್ಷ. ಹೊಳಲ್ಕೆರೆ ಬಳಿಯ ನಮ್ಮ ಅಡಿಕೆ ತೋಟದಲ್ಲಿ, ಮಣ್ಣಿನ ದಿಬ್ಬದ ಮುಂದೆ ಕಾಗದದ ಗುರಿ ನಿಲ್ಲಿಸಿ, 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್‌ನಿಂದ 10 ಮತ್ತು 25 ಮೀಟರ್ ದೂರಕ್ಕೆ ಹೊಡೆಯುವುದು ನನ್ನ ಬಹುಕಾಲದ ಹವ್ಯಾಸ. ಚಾಳೀಸು ಬಂದ ಮೇಲೆ ನಳಿಗೆಯ ಮೊನೆ ಮಸುಕಾಗಿ ಕಾಣುತ್ತಿದೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರೂ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಾಗಿರದ ದೋಷಕ್ಕೆ ಕೊಡುವ ನಂಬರ್) ಇದೆ. ಮಗ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಹಾಕಿಸಿ ಎನ್ನುತ್ತಾನೆ, ಅಂಗಡಿಯವರು ದುರ್ಬೀನಿನಂಥ ಸ್ಕೋಪ್ ಎನ್ನುತ್ತಾರೆ. ಯಾವುದು ಸೂಕ್ತ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ನಿಮ್ಮ ಚೀಟಿಯ ಸಿಲಿಂಡರ್ ನಂಬರನ್ನೂ ನೀವು ಕಾಗದದ ಗುರಿಗೆ ಹೊಡೆಯುವವರೆಂಬುದನ್ನೂ ಗಮನಿಸಿದರೆ, ನಾನು ಅಂಗಡಿಯವರ ಪರ.

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಕ್ರಮೇಣ ಬಿಗಿಯಾಗುವುದರಿಂದ, ನೋಟವನ್ನು ಹತ್ತಿರದ ವಸ್ತುವಿಗೆ ಹೊಂದಿಸುವ ಶಕ್ತಿ ಕುಂದುತ್ತದೆ. ತೆರೆದ ಸೈಟ್‌ನಲ್ಲಿ (ಬಂದೂಕಿನ ಮೇಲಿನ, ಗಾಜಿಲ್ಲದ ಗುರಿಸಾಧನದಲ್ಲಿ) ಹಿಂದಿನ ಕಚ್ಚು, ಮುಂದಿನ ಮೊನೆ, ದೂರದ ಗುರಿ ಈ ಮೂರನ್ನೂ ಒಂದೇ ಗೆರೆಗೆ ತರಬೇಕಾದ್ದರಿಂದ ಮೊದಲು ಕೈಕೊಡುವುದು ಅದೇ. ರೆಡ್ ಡಾಟ್ ಮತ್ತು ಸ್ಕೋಪ್ ಎರಡೂ ಈ ತೊಡಕನ್ನು ತಪ್ಪಿಸುತ್ತವೆ.

ರೆಡ್ ಡಾಟ್‌ನಲ್ಲಿ ಪುಟ್ಟ ಎಲ್‌ಇಡಿಯ ಬೆಳಕು ಲೇಪನವುಳ್ಳ ಬಾಗಿದ ಗಾಜಿನಿಂದ ಪ್ರತಿಫಲಿಸಿ, ಚುಕ್ಕೆಯು ಬಹುದೂರದಲ್ಲಿ ಇರುವಂತೆ ತೋರುತ್ತದೆ. ದೂರದ ನೋಟ ಚೆನ್ನಾಗಿದ್ದವರಿಗೆ ಅಷ್ಟು ಸಾಕು. ಸಿಲಿಂಡರ್ ನಂಬರ್ ಇರುವ ಕಣ್ಣಿಗೆ ಮಾತ್ರ ಅದೇ ಚುಕ್ಕೆ ಬಾಲ ಬೆಳೆದ ಅಲ್ಪವಿರಾಮದಂತೆಯೋ ಚುಕ್ಕೆಗಳ ಗೊಂಚಲಿನಂತೆಯೋ ಕಾಣಬಹುದು. ಅಂಗಡಿಯಲ್ಲೇ ಪರೀಕ್ಷಿಸಿ: ಚುಕ್ಕೆಯ ಪ್ರಖರತೆಯನ್ನು ತಗ್ಗಿಸಿ, ಮೊಬೈಲ್ ಕ್ಯಾಮೆರಾವನ್ನು ಗಾಜಿನ ಹಿಂದೆ ಹಿಡಿದು ಫೋಟೊ ತೆಗೆಯಿರಿ. ಫೋಟೊದಲ್ಲಿ ಚುಕ್ಕೆ ದುಂಡಗಿದ್ದು ನಿಮಗೆ ಮಾತ್ರ ಸೊಟ್ಟಗೆ ಕಂಡರೆ, ದೋಷ ಉಪಕರಣದ್ದಲ್ಲ. ದೂರದ ಕನ್ನಡಕ ಹಾಕಿದಾಗ ಅದು ದುಂಡಗಾದರೆ ಮಗನ ಸಲಹೆಯನ್ನು ತಳ್ಳಿಹಾಕಬೇಕಿಲ್ಲ.

ಆದರೂ ಚುಕ್ಕೆಯ ಗಾತ್ರದ ಪ್ರಶ್ನೆ ಉಳಿಯುತ್ತದೆ. 3 ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಚುಕ್ಕೆಯು 10 ಮೀಟರ್‌ನಲ್ಲಿ ಸುಮಾರು 9 ಮಿ.ಮೀ., 25 ಮೀಟರ್‌ನಲ್ಲಿ ಸುಮಾರು 22 ಮಿ.ಮೀ. ಜಾಗವನ್ನು ಮುಚ್ಚುತ್ತದೆ. ಸ್ಪರ್ಧೆಗಳ 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಇಡೀ ಕಪ್ಪು ವೃತ್ತವೇ 30.5 ಮಿ.ಮೀ., ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿ.ಮೀ. ಡಬ್ಬಿ ಉರುಳಿಸುವವರಿಗೆ ರೆಡ್ ಡಾಟ್ ಸೊಗಸು. ಅಂಕ ಎಣಿಸುವವರಿಗೆ ಅಲ್ಲ.

ಸ್ಕೋಪ್ ಗುರಿಯನ್ನು ದೊಡ್ಡದು ಮಾಡುವುದಷ್ಟೇ ಅಲ್ಲದೆ, ಅಡ್ಡ-ಉದ್ದ ಗೆರೆಗಳನ್ನೂ ಗುರಿಯನ್ನೂ ಒಂದೇ ಸಮತಲದಲ್ಲಿ ತೋರಿಸುತ್ತದೆ. ಕಣ್ಣಿನ ಬದಿಯ ಉಂಗುರವನ್ನು, ಬಿಳಿ ಗೋಡೆಯತ್ತ ನೋಡುತ್ತಾ, ಗೆರೆಗಳು ಸ್ಪಷ್ಟವಾಗುವವರೆಗೆ ತಿರುಗಿಸಿ. ಹೊಡೆಯುವಾಗ ಧರಿಸುವ ಕನ್ನಡಕವನ್ನೇ ಆಗಲೂ ಧರಿಸಿರಿ. ಇಲ್ಲಿ ಬಹಳ ಜನ ಎಡವುವುದು ಪ್ಯಾರಲಾಕ್ಸ್, ಅಂದರೆ ಕಣ್ಣು ಜರುಗಿದಾಗ ಗೆರೆಗಳು ಗುರಿಯಿಂದ ಸರಿದಂತೆ ಕಾಣುವ ದೋಷದ ವಿಷಯದಲ್ಲಿ. ದೊಡ್ಡ ಬಂದೂಕುಗಳ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುವುದರಿಂದ, 10 ಮೀಟರ್‌ನಲ್ಲಿ ಚಿತ್ರ ಮಸುಕಾಗುವುದಲ್ಲದೆ ತಲೆ ಕೊಂಚ ಅಲುಗಿದರೂ ಗುರಿ ಜರುಗಿದಂತೆ ಕಾಣುತ್ತದೆ. ಆದ್ದರಿಂದ 10 ಮೀಟರ್‌ವರೆಗೆ ಹೊಂದಿಸಬಲ್ಲ ಸ್ಕೋಪನ್ನೇ ಕೇಳಿ. ಜೊತೆಗೆ ಅದು ಸ್ಪ್ರಿಂಗ್ ಏರ್ ರೈಫಲ್‌ಗೆಂದೇ ತಯಾರಾದದ್ದಾಗಿರಬೇಕು. ಈ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ದುಬಾರಿ ಸ್ಕೋಪ್‌ಗಳೂ ಹಾಳಾಗುವುದುಂಟು. ಹೆಚ್ಚಿನ ವರ್ಧನೆಗೆ ಆಸೆಪಡಬೇಡಿ. 4x32 (ನಾಲ್ಕು ಪಟ್ಟು ವರ್ಧನೆ, 32 ಮಿ.ಮೀ. ಮುಂಗಾಜು) ಸ್ಕೋಪಿನಿಂದ ಹೊರಬರುವ ಬೆಳಕಿನ ಕಿಂಡಿ 8 ಮಿ.ಮೀ. ಇರುವುದರಿಂದ ಕಣ್ಣನ್ನು ಅದರ ಹಿಂದೆ ಹೊಂದಿಸುವುದು ಸುಲಭ. 12 ಪಟ್ಟಿನಲ್ಲಿ ಕೈನಡುಕವೂ ದೊಡ್ಡದಾಗಿಯೇ ಕಾಣುತ್ತದೆ.

ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕವಿದ್ದರೆ ಅದನ್ನು ಬದಿಗಿಡಿ. ಕೆನ್ನೆಯನ್ನು ಹಿಡಿಕೆಗೆ ಒತ್ತಿದಾಗ ತಲೆ ಬಾಗಿ, ಗಾಜಿನ ಮೇಲಿನ, ಮೂಗಿನ ಬದಿಯ ಮೂಲೆಯಿಂದ ನೋಡಬೇಕಾಗುತ್ತದೆ. ಆ ಜಾಗದಲ್ಲಿ ನೋಟ ತಿರುಚಿಕೊಳ್ಳಬಹುದು. ಸಿಲಿಂಡರ್ ಸಹಿತ ದೂರದ ನಂಬರನ್ನಷ್ಟೇ ಹಾಕಿಸಿದ ಕನ್ನಡಕ ಇದಕ್ಕೆ ಬೇಕು. ಅದನ್ನು ಮಾಡಿಸುವ ಮುನ್ನ ಪೊರೆ ಇದೆಯೇ ಎಂದು ನೇತ್ರವೈದ್ಯರಲ್ಲಿ ತೋರಿಸಿಕೊಳ್ಳಿ; ಪೊರೆ ತಂದ ಮಬ್ಬನ್ನು ಯಾವ ಸ್ಕೋಪೂ ತೆಗೆಯದು.

ಮುಂದೆ ಸ್ಪರ್ಧೆಗೆ ಇಳಿಯುವ ಮನಸ್ಸಿದ್ದರೆ, ಅಂತರರಾಷ್ಟ್ರೀಯ ನಿಯಮದ 10 ಮೀಟರ್ ರೈಫಲ್ ವಿಭಾಗದಲ್ಲಿ ರೆಡ್ ಡಾಟ್‌ಗೂ ಸ್ಕೋಪ್‌ಗೂ ಅವಕಾಶವಿಲ್ಲ. ಅಲ್ಲಿ ಬಳಸುವುದು ಸಣ್ಣ ರಂಧ್ರದ ಪೀಪ್ ಸೈಟ್. ಆ ಕಿರಿದಾದ ರಂಧ್ರದ ಮೂಲಕ ನೋಡಿದಾಗ ಮೊನೆಯೂ ಗುರಿಯೂ ತಕ್ಕಮಟ್ಟಿಗೆ ಒಟ್ಟಿಗೇ ಸ್ಪಷ್ಟವಾಗುತ್ತವೆ.