ಕೆಲಸ ಬಿಟ್ಟು ಸೀರೆ, ನಾಟಕ, ಚಿತ್ರಕಲೆ ಬಗ್ಗೆ ಬರೆದು ಬದುಕಬಹುದಾ?

ನೀವು ಕೇಳಿರುವುದು ಮೂರು ಪ್ರಶ್ನೆ. ಬ್ಯಾಂಕ್ ಕೆಲಸ ಬಿಟ್ಟು ನಮ್ಮ ಕರ್ನಾಟಕದ ಉಡುಗೆ, ಕಲೆಗಳ ಬಗ್ಗೆ ಫ್ರೀಲ್ಯಾನ್ಸ್ ಆಗಿ ಬರೆಯಬಹುದಾ, ಅದರಿಂದ ಮನೆ ನಡೆಯುತ್ತಾ, ಶುರು ಮಾಡೋಕೆ ಒಳ್ಳೆ ಕ್ಯಾಮೆರಾ ಬೇಕಾ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಬರೀ ಕನ್ನಡ ಪತ್ರಿಕೆಗಳ ಲೇಖನದಿಂದ ನನ್ನ ಮನೆ ಒಂದು ತಿಂಗಳೂ ನಡೆದಿಲ್ಲ. ಮೊದಲ ಲೇಖನಕ್ಕೆ ಬಂದದ್ದು 800 ರೂಪಾಯಿ. ಅದಕ್ಕೆಂದು ಬೆಂಗಳೂರಿನಿಂದ ಇಳಕಲ್‌ಗೆ ಹೋಗಿ ಬಂದ ಖರ್ಚು 1,400. ಈಗ ಅಷ್ಟು ಕಷ್ಟ ಇಲ್ಲ. ಆದರೂ ಒಂದು ಲೇಖನದ ಹಣ ಹೆಚ್ಚುಕಮ್ಮಿ ಒಂದು ಬಸ್ ಪ್ರಯಾಣಕ್ಕೆ, ಒಂದು ರಾತ್ರಿಯ ಲಾಡ್ಜ್‌ಗೆ ಸರಿಹೋಗುತ್ತದೆ. ಬಾಡಿಗೆ ಕಟ್ಟುವುದು ಬೇರೆ ಕೆಲಸಗಳು: ಅನುವಾದ, ಚಿತ್ರಕಲಾ ಪ್ರದರ್ಶನಗಳಿಗೆ ಕಿರುಹೊತ್ತಿಗೆ, ಯಾವುದೋ ಅಂಗಡಿಯ ವೆಬ್‌ಸೈಟಿಗೆ ಸೀರೆಗಳ ವಿವರ. ಆ ವಿವರಗಳ ಕೆಳಗೆ ನನ್ನ ಹೆಸರಿರುವುದಿಲ್ಲ, ಇರಲಿ ಅಂತ ಆಸೆಯೂ ಇಲ್ಲ.

ದುಡ್ಡು ಕೈಗೆ ಬರುವುದು ಇನ್ನೊಂದು ಕಥೆ. ಒಂದು ಮಾಸಪತ್ರಿಕೆ ನನ್ನ ದೀಪಾವಳಿ ಲೇಖನದ ಹಣವನ್ನು ಯುಗಾದಿಗೆ ಕೊಟ್ಟಿತು. ನಡುವೆ ಎಷ್ಟು ಸಲ ಫೋನ್ ಮಾಡಿದರೂ ಅಕೌಂಟ್ಸ್‌ನವರು ರಜೆಯಲ್ಲೇ ಇದ್ದರು. ಪಾಪ, ಎಷ್ಟು ರಜೆ! ಆಮೇಲೆ ಗೆಳೆಯನೊಬ್ಬ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲೆ, ಮಾಡಿಸಿಕೊಟ್ಟ. ಅದಕ್ಕೆ ಶುಲ್ಕ ಇಲ್ಲ. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಒಂದು ಕಾಯ್ದೆ ಬಂದಿದೆ. ಅದರ ಪ್ರಕಾರ ನೋಂದಣಿ ಆದವರ ಬಿಲ್‌ಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಈಗ ಪ್ರತಿ ಬಿಲ್‌ನ ಕೆಳಗೆ ನೋಂದಣಿ ಸಂಖ್ಯೆ ಮತ್ತು 45 ದಿನದ ಒಂದು ಸಾಲು ಹಾಕುತ್ತೇನೆ. ಜಗಳ ಆಡಿಲ್ಲ, ಆದರೂ ಫೋನ್ ಮಾಡುವುದು ಅರ್ಧಕ್ಕೆ ಇಳಿದಿದೆ.

ಇನ್ನೊಂದು ಮಾತು. ಪತ್ರಿಕೆಯವರು ಕಳಿಸುವ ಒಪ್ಪಂದವನ್ನು ಓದಿ ಸಹಿ ಹಾಕಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳದ ನೌಕರರಲ್ಲದ ನಮ್ಮ ಲೇಖನ ನಮ್ಮದೇ. ಬರಹದಲ್ಲಿ, ಸಹಿ ಹಾಕಿ ಕೊಟ್ಟರೆ ಮಾತ್ರ ಹಕ್ಕು ಇನ್ನೊಬ್ಬರಿಗೆ ಹೋಗುತ್ತದೆ. ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಇಲ್ಲದಿದ್ದರೆ 5 ವರ್ಷ ಎಂದೇ ಲೆಕ್ಕ. ನಾನು ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಬಗ್ಗೆ ಬರೆದ ಹಳೆ ಲೇಖನವೊಂದು ಹೀಗೆ ನನ್ನ ಬಳಿಯೇ ಉಳಿದಿತ್ತು. ಎರಡನೇ ಸಲ ಒಂದು ಪ್ರದರ್ಶನದವರಿಗೆ ಕೊಟ್ಟಾಗ ಮೊದಲ ಸಲಕ್ಕಿಂತ ಜಾಸ್ತಿ ಹಣ ಬಂತು.

ಇದೆಲ್ಲ ಒಂದು ತೂಕವಾದರೆ, ನೀವು ಕೇಳದೇ ಬಿಟ್ಟದ್ದು ಇನ್ನೊಂದು ತೂಕ. ಈ ಕೆಲಸದಲ್ಲಿ ನಿಮ್ಮನ್ನು ಕರೆದು, ಕೂರಿಸಿ, ಟೀ ಕೊಟ್ಟು ಮಾತಾಡಿಸುವವರು ಮಾರುವವರು. ಮಾಡುವವರಿಗೆ ನಿಮ್ಮ ನಂಬರ್ ಗೊತ್ತಿರುವುದಿಲ್ಲ. ಸುಮ್ನೆ ಬಿಟ್ಟರೆ ಬರಹ ತಾನಾಗಿ ಮಾರುವವರ ಕಡೆ ವಾಲುತ್ತದೆ. ನಂದೂ ವಾಲಿತ್ತು.

ಶುರುವಿನ ವರ್ಷಗಳ ಮಾತು. ಬೆಂಗಳೂರಿನ ಒಂದು ಸೀರೆ ಪ್ರದರ್ಶನಕ್ಕೆ ಹೋಗಿದ್ದೆ. ಹಸಿರು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಇಳಕಲ್‌ನ ಟೋಪ್ ತೆನಿ ವಿನ್ಯಾಸ. ಅಂಗಡಿಯವರು ಕೈಮಗ್ಗದ್ದು ಅಂದರು. ನಾನು 'ಅಪ್ಪಟ ಕೈಮಗ್ಗದ ಇಳಕಲ್' ಎಂದು ಬರೆದೆ, ಫೋಟೋನೂ ಹಾಕಿದೆ. ಎರಡು ವಾರ ಬಿಟ್ಟು ನೇಕಾರರೊಬ್ಬರ ಫೋನ್ ಬಂತು. ಪತ್ರಿಕೆ ಕಚೇರಿಯಿಂದ ನಂಬರ್ ತೊಗೊಂಡಿದ್ದರಂತೆ. "ಫೋಟೋ ನೋಡೇನ್ರಿ. ಅದು ಪವರ್‌ಲೂಮ್ ಐತ್ರಿ" ಅಂದರು. ಫೋಟೋದಲ್ಲಿ ಹೇಗೆ ಗೊತ್ತಾಗುತ್ತೆ ಅಂತ ವಾದ ಮಾಡಿದೆ. "ಬಂದ್ ನೋಡ್ರಿ" ಅಂತ ಇಟ್ಟುಬಿಟ್ಟರು.

ಹೋದೆ. ಮನೆಯ ಮುಂದಿನ ಕೋಣೆಯಲ್ಲೇ ಕುಣಿ ಮಗ್ಗ. ಅವರು ಎರಡು ಸೀರೆಗಳನ್ನು ಪಕ್ಕಪಕ್ಕ ಹಾಸಿದರು. ಒಂದು ಅವರದು, ಇನ್ನೊಂದು ಸಂತೆಯಲ್ಲಿ ಕೊಂಡದ್ದು. ನನ್ನ ಕೈಗೆ ಮಡಚುವ ಪುಟ್ಟ ಭೂತಗನ್ನಡಿ ಕೊಟ್ಟು, ಒಡಲು ಸೆರಗು ಕೂಡುವ ಜಾಗದಲ್ಲಿ ಬೆರಳಿಟ್ಟರು. ಅವರ ಸೀರೆಯಲ್ಲಿ ಹಸಿರು ಹಾಸಿನ (ಉದ್ದಕ್ಕೆ ಓಡುವ) ಎಳೆಗಳೆಲ್ಲ ಆ ಗೆರೆಯಲ್ಲಿ ನಿಂತಿದ್ದವು. ಅಲ್ಲಿಂದಾಚೆ ಸೆರಗಿನದ್ದೇ ಬೇರೆ ಹಾಸು, ಕೆಂಪು ರೇಷ್ಮೆ. ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ. ಹೀಗೆ ಸೀರೆಯ ಅಗಲಕ್ಕೂ. ನಾನು ಎಣಿಸಲು ಹೋಗಿ ಇಪ್ಪತ್ತೇಳಕ್ಕೆ ತಪ್ಪಿದೆ. ಸಂತೆಯ ಸೀರೆಯಲ್ಲಿ ಕುಣಿಕೆಯೇ ಇಲ್ಲ. ಹಸಿರು ಎಳೆ ನೇರವಾಗಿ ಸೆರಗಿನೊಳಗೂ ಓಡಿದೆ. ಅದರ ಮೇಲೆ ಕೆಂಪು ಅಡ್ಡ ಎಳೆ ಹಾಯ್ದಿದ್ದಕ್ಕೆ ಸೆರಗಿನ ಕೆಂಪು ಮಂಕಾಗಿದೆ. ಫೋಟೋದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಆ ಮಂಕು.

ಆ ಕುಣಿಕೆಗಳನ್ನು ಹಾಕುತ್ತಿದ್ದವರು ಒಳಕೋಣೆಯಲ್ಲಿ ಕೂತ ಅವರ ಮನೆಯವರು. ನನ್ನ ಲೇಖನದಲ್ಲಿ ಅಂಗಡಿಯ ದೀಪದ ಬೆಳಕಿತ್ತು, ಡಿಸೈನರ್ ಮಾತಿತ್ತು. ಈ ಕೋಣೆ ಇರಲಿಲ್ಲ.

ವಾಪಸ್ ಬಂದು ಸಂಪಾದಕರಿಗೆ ಹೇಳಿದೆ. ಎರಡು ಸಾಲಿನ ತಿದ್ದುಪಡಿ ಬಂತು, ಒಳಪುಟದ ಮೂಲೆಯಲ್ಲಿ. ಆ ಅಂಗಡಿಯವರು ಮತ್ತೆ ಕರೆಯಲಿಲ್ಲ. ವೆಬ್‌ಸೈಟ್ ಕೆಲಸವೂ ಹೋಯಿತು. ಆ ವರ್ಷ ನಿಜಕ್ಕೂ ದುಡ್ಡಿಗೆ ಕಷ್ಟವಾಯಿತು. ಅಂದಿನಿಂದ ಅಂಗಡಿಗಳ ಕೆಲಸ ಮಾಡಿದರೆ ಆ ಅಂಗಡಿಗಳ ಬಗ್ಗೆ ಪತ್ರಿಕೆಯಲ್ಲಿ ಬರೆಯುವುದಿಲ್ಲ. ಉಡುಗೊರೆ ಸೀರೆಯನ್ನು ಅಲ್ಲೇ ಬಿಟ್ಟು ಬರುತ್ತೇನೆ. ಒಂದೇ ಒಂದು ಸಲ ಮೊಳಕಾಲ್ಮೂರು ಸೀರೆಯೊಂದನ್ನು ಬಿಡಲಾಗದೆ ದುಡ್ಡು ಕೊಟ್ಟು ತಂದೆ. ಮೂರು ತಿಂಗಳ ಕಂತು.

ಬರೆಯುವ ಕ್ರಮವೂ ಬದಲಾಯಿತು. ಮೊದಲು 'ಬಿದರಿ ಕಲೆ ಬಗ್ಗೆ ಬರೆಯಲಾ' ಅಂತ ಸಂಪಾದಕರಿಗೆ ಕೇಳುತ್ತಿದ್ದೆ. ಉತ್ತರವೇ ಬರುತ್ತಿರಲಿಲ್ಲ, ಯಾಕೆಂದರೆ ಆ ಲೇಖನ ಅವರ ಬಳಿ ಆಗಲೇ ಹತ್ತು ಇರುತ್ತದೆ. ಆಮೇಲೆ ಹೀಗೆ ಕೇಳಿದೆ: ಬೀದರ್ ಕೋಟೆಯ ಅದೇ ಮಣ್ಣು, ಅದೇ ನವಸಾಗರದ ದ್ರಾವಣ, ಅದೇ ಹೂಜಿ. ಆದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾಕೆ? ಅರ್ಧ ಗಂಟೆಯಲ್ಲಿ 'ಬರೆಯಿರಿ' ಅಂತ ಬಂತು. ಕಸೂತಿ ಲೇಖನವೂ ಹಾಗೇ. ಧಾರವಾಡದ ಕಡೆ ಒಬ್ಬರು ಗವಂತಿ ಹೊಲಿಗೆಯ ಬಟ್ಟೆ ತಿರುಗಿಸಿ "ಗಂಟು ಎಲ್ಲೈತಿ ಹುಡುಕ್ರಿ" ಅಂದರು. ಹಿಂದೆ ಮುಂದೆ ಎರಡೂ ಒಂದೇ ಥರ, ಗಂಟು ಸಿಗಲೇ ಇಲ್ಲ. ನಕ್ಷೆ ಬಿಡಿಸದೆ ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ ಹೊಲಿಯುತ್ತಾರೆ. ಲೇಖನ ಶುರುವಾದದ್ದೇ ಆ ಹುಡುಕಾಟದಿಂದ. ಅಂದಹಾಗೆ 'ಸೊಬಗು', 'ಮೆರುಗು' ಎಂಬ ಎರಡು ಪದ ಬಳಸದೆ ಐದು ವರ್ಷವಾಯಿತು. ಯಾರೂ ಕೊರತೆ ಹೇಳಿಲ್ಲ.

ವರ್ಷದ ಲೆಕ್ಕ ಸುಲಭ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ, ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಳಗ್ಗೆ ಬೇಗ ಹೋದರೆ ಕಲಾವಿದರು ಮಾತಿಗೆ ಸಿಗುತ್ತಾರೆ, ಮಧ್ಯಾಹ್ನ ಬೆವರಷ್ಟೇ. ಆಗಸ್ಟ್ 7 ಕೈಮಗ್ಗ ದಿನ, ಅದರ ಹಿಂದೆಮುಂದೆ ವರಮಹಾಲಕ್ಷ್ಮಿ. ದೀಪಾವಳಿ ವಿಶೇಷಾಂಕದ ಲೇಖನವನ್ನು ಮಳೆಗಾಲದಲ್ಲೇ ಮುಗಿಸಬೇಕು. ಅಕ್ಟೋಬರ್‌ನಲ್ಲಿ ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಶಿಬಿರ, ಕಾಸು ಹುಟ್ಟದಿದ್ದರೂ ಹೋಗುತ್ತೇನೆ. ನವೆಂಬರ್ ಬಂದರೆ ಹಳದಿ-ಕೆಂಪು ಉಡುಪಿನ ಲೇಖನ ಕೇಳುತ್ತಾರೆ. ಏಳು ವರ್ಷದಿಂದ ಅದೇ ಲೇಖನವನ್ನು ಏಳು ಥರ ಬರೆದಿದ್ದೇನೆ, ಬೈಯಬೇಡಿ.

ನಾಟಕದ ವಿಮರ್ಶೆಗೆ ಹಣ ಇಲ್ಲವೇ ಇಲ್ಲ ಅನ್ನಬಹುದು. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ಆಟ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ವಿಮರ್ಶೆ ಒಪ್ಪಿಕೊಂಡು, ಟ್ರಾಫಿಕ್‌ನಲ್ಲಿ ಸಿಕ್ಕಿ, ಐದು ನಿಮಿಷ ತಡವಾಗಿ ಹೋಗಿ ಕೆಫೆಯಲ್ಲಿ ಕೂತು ಸಾಬೂದಾನ ವಡೆ ತಿಂದು ಬಂದಿದ್ದೇನೆ. ಮರುದಿನದ ಆಟಕ್ಕೆ ಒಂದು ಗಂಟೆ ಮೊದಲೇ ಹೋದೆ.

ಹಾಗಾಗಿ ನಾಳೆಯೇ ರಾಜೀನಾಮೆ ಕೊಡಬೇಡಿ. ಬ್ಯಾಂಕ್‌ಗೆ ಎರಡನೇ, ನಾಲ್ಕನೇ ಶನಿವಾರ ರಜೆ ಇದೆ ಅಲ್ವಾ? ಒಂದು ವರ್ಷ ಆ ದಿನಗಳನ್ನು ಒಂದೇ ವಿಷಯಕ್ಕೆ ಇಡಿ. ಎಲ್ಲ ಸೀರೆ, ಎಲ್ಲ ಕಲೆ ಬೇಡ. ಬರೀ ಖಣ, ಅಥವಾ ಬರೀ ಚನ್ನಪಟ್ಟಣದ ಅರಗಿನ ಬಣ್ಣ. ವರ್ಷದ ಕೊನೆಗೆ ಮಾಡುವವರ ನಂಬರ್ ನಿಮ್ಮ ಫೋನಿನಲ್ಲಿ ಮಾರುವವರಿಗಿಂತ ಜಾಸ್ತಿ ಇದ್ದರೆ, ಆರು ತಿಂಗಳ ಬಾಡಿಗೆ ಬ್ಯಾಂಕಿನಲ್ಲಿದ್ದರೆ, ಆಗ ಮತ್ತೆ ಕೇಳಿ.

ಕ್ಯಾಮೆರಾ ಈಗಲೇ ಬೇಡ, ಫೋನ್ ಸಾಕು. ಆ ನೇಕಾರರ ಕೈಯಲ್ಲಿದ್ದಂಥ ಮಡಚುವ ಭೂತಗನ್ನಡಿ ಒಂದು ಕೊಳ್ಳಿ. ನನ್ನದು ಪರ್ಸಿನಲ್ಲೇ ಇರುತ್ತದೆ. ಹಿಂಜ್ ಸಡಿಲವಾಗಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ.