ಆ ಕೊಳಲು ಒಂದು ನಿಮಿಷ ನಿಲ್ಲಿಸಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ನೀವು ಹಾಕಿದ ಬೈಬಲಿನ ಪ್ರವಾದಿ ಎಲೀಯನ ಕಥೆ ತುಂಬಾ ಒಣಕಲು. ಅಬ್ರಹಾಮನದೂ ಹಾಗೇ. ದೇವರು ಹೇಳಿದನೆಂದು ಮಗನನ್ನು ಬಲಿ ಕೊಡಲು ಮೂರು ದಿನ ನಡೆದವನ ಮನಸ್ಸಿನಲ್ಲಿ ಏನಿತ್ತು ಅಂತ ಒಂದು ಸಾಲೂ ಇಲ್ಲ. ನಮ್ಮ ಚರ್ಚಿನ ಹುಡುಗರು ಎಲೀಯನ ನಾಟಕ ಆಡಿದಾಗ ಬಿರುಗಾಳಿ, ಗುಡುಗು ಎಲ್ಲ ಕೀಬೋರ್ಡಿನಲ್ಲಿ ತಂದರು. ದೇವರ ಮೆಲುದನಿಗೆ ಕೊಳಲು ಹಾಕಿದರು. ಜನ ಅತ್ತರು. ಬೈಬಲ್ ಬರೆದವರು ಇಂಥ ಕಥೆಗಳನ್ನು ಯಾಕೆ ಅರೆಬರೆ ಬಿಟ್ಟರು?"

ಮೊದಲು ಹುಡುಗರಿಗೆ ಶಹಬ್ಬಾಸ್ ಹೇಳಿಬಿಡಿ. ಬೈಬಲ್ ಗದ್ದಲಕ್ಕೆ ಹೆದರುವ ಪುಸ್ತಕವೇನಲ್ಲ. 150ನೇ ಕೀರ್ತನೆಯಲ್ಲಿ ಕೊಂಬು, ತಂತಿವಾದ್ಯ, ತಾಳ ಎಲ್ಲ ಇವೆ, ನಿಮ್ಮ ಕೊಳಲಿಗೂ ಜಾಗವಿದೆ. ಗುಡುಗಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಕೊಳಲಿನದು.

ಎಲೀಯ ಹೋರೇಬ್ ಬೆಟ್ಟದ ಗುಹೆಯಲ್ಲಿದ್ದಾಗ ಗಾಳಿ ಬಂತು, ಭೂಕಂಪ ಬಂತು, ಬೆಂಕಿ ಬಂತು. ಮೂರರಲ್ಲೂ ದೇವರಿಲ್ಲ. ಆಮೇಲೆ ಬಂದದ್ದಕ್ಕೆ ಹೀಬ್ರೂವಿನಲ್ಲಿ ಮೂರೇ ಪದ: ಕೋಲ್ ದೆಮಾಮಾ ದಕ್ಕಾ. ಕೋಲ್ ಅಂದರೆ ದನಿ, ಸದ್ದು. ದೆಮಾಮಾ ಅಂದರೆ ಸದ್ದಡಗಿದ ಸ್ಥಿತಿ. ದಕ್ಕಾ ಅಂದರೆ ತೆಳ್ಳಗಿನದು. ಈಜಿಪ್ಟಿನ ಅರಸ ಫರೋಹನ ಕನಸಿನ ಬಡಕಲು ಹಸುಗಳಿಗೂ ಇದೇ ಪದ! 1611ರ ಇಂಗ್ಲಿಷ್ ಬೈಬಲ್ ಇದನ್ನು ಮೆಲ್ಲನೆಯ ಸಣ್ಣ ದನಿ ಮಾಡಿತು. 1989ರ ಇನ್ನೊಂದು ಅನುವಾದ 'ಬರೀ ಮೌನದ ಸದ್ದು' ಎಂದಿತು. ನನ್ನ ಓಟು ಎರಡನೆಯದಕ್ಕೆ. ನೀವು ಕೊಳಲು ಊದಿದ್ದು ಸರಿಯಾಗಿ ಆ ಜಾಗದಲ್ಲಿ.

ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಕರ್ಮೆಲ್ ಬೆಟ್ಟ. ಬಾಳ್ ಎಂಬ ದೇವರ 450 ಪ್ರವಾದಿಗಳು, ಉತ್ತರ ಕೊಡು ಅಂತ ಅವನನ್ನು ಬೆಳಗಿನಿಂದ ಕೂಗುತ್ತಾರೆ, ಕುಣಿಯುತ್ತಾರೆ, ಮೈ ಕೊಯ್ದುಕೊಳ್ಳುತ್ತಾರೆ. ಇನ್ನೂ ಜೋರಾಗಿ ಕೂಗಿ, ನಿಮ್ಮ ದೇವರು ಮಲಗಿದ್ದಾನೇನೋ ಅಂತ ಎಲೀಯ ಕಾಲೆಳೆಯುತ್ತಾನೆ. ಕೊನೆಗೆ ಕಥೆ ಹೇಳುವುದು ಇಷ್ಟೇ: ಕೋಲ್ ಇಲ್ಲ, ಉತ್ತರ ಕೊಡುವವರಿಲ್ಲ. ಅದೇ ಕೋಲ್! ಅಲ್ಲಿ ದಿನವಿಡೀ ಗದ್ದಲ, ದನಿಯಿಲ್ಲ. ಇಲ್ಲಿ ಮೌನ, ದನಿಯಿದೆ. ಇದನ್ನು ಅರೆಬರೆ ಅನ್ನುತ್ತೀರಾ? ಎಲೀಯನ ಕಿವಿಯನ್ನೂ ಗಮನಿಸಿ. ಆಕಾಶದಲ್ಲಿ ಒಂದು ಮೋಡವೂ ಕಾಣುವ ಮೊದಲೇ ಅವನು ಅರಸನಿಗೆ, ಜೋರು ಮಳೆಯ ಸದ್ದು ಕೇಳುತ್ತಿದೆ ಅನ್ನುತ್ತಾನೆ. ಪಾಪ, ಸೇವಕ ಏಳು ಸಲ ಹೋಗಿ ನೋಡಿದ ಮೇಲೆ ಅಂಗೈಯಷ್ಟು ಮೋಡ ಕಾಣುತ್ತದೆ.

ಸಂಗೀತ ಬೇಕೇ ಬೇಕು ಅಂದರೆ ಜರ್ಮನ್ ಸಂಗೀತಕಾರ ಮೆಂಡೆಲ್‌ಸನ್‌ನನ್ನು ಕೇಳಿ. 1846ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲೀಯನ ಕಥೆಯನ್ನು ದೊಡ್ಡ ಗಾಯನವೃಂದ, ವಾದ್ಯವೃಂದ ಕಟ್ಟಿಕೊಂಡು ಹಾಡಿಸಿದವನು. ಬಾಳನ ಭಕ್ತರು 'ಉತ್ತರ ಕೊಡು' ಎಂದು ಗಂಟಲು ಹರಿದುಕೊಳ್ಳುತ್ತಾರೆ. ಆಮೇಲೆ? ಏನೂ ಇಲ್ಲ. ಪಿಟೀಲುಗಳೆಲ್ಲ ಸುಮ್ಮನೆ. ಅಷ್ಟು ಜನ ಕೈಯಲ್ಲಿದ್ದೂ ಒಂದು ಸ್ವರ ಹಾಕಲಿಲ್ಲ ಅವನು.

ಇನ್ನು ಅಬ್ರಹಾಮ. 'ಇಬ್ಬರೂ ಜೊತೆಯಾಗಿ ನಡೆದರು' ಅನ್ನುವ ಮಾತು ಎರಡು ಸಲ ಬರುತ್ತದೆ. ನಡುವೆ ಮಗ ಇಸಾಕ ಒಂದೇ ಪ್ರಶ್ನೆ ಕೇಳುತ್ತಾನೆ: ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಿ? ಅಪ್ಪ ದೇವರು ಕೊಡುತ್ತಾನೆ ಅನ್ನುತ್ತಾನೆ. ಮತ್ತೆ ನಡಿಗೆ. ಮೊದಲ ಸಲದ 'ಜೊತೆಯಾಗಿ'ಗೂ ಎರಡನೆಯದಕ್ಕೂ ಎಷ್ಟು ವ್ಯತ್ಯಾಸ, ಗಟ್ಟಿಯಾಗಿ ಓದಿ ನೋಡಿ. ಬೆಟ್ಟದಿಂದ ಇಳಿದ ಮೇಲೆ ಇಸಾಕ ಅಪ್ಪನ ಜೊತೆ ಮಾತಾಡಿದ ಒಂದು ಸಾಲೂ ಬೈಬಲಿನಲ್ಲಿಲ್ಲ. ನೀವು ಕೇಳಿದ 'ಮನಸ್ಸಿನಲ್ಲಿ ಏನಿತ್ತು' ಅನ್ನುವುದು ಬೇರೆಲ್ಲಿ ಇರಬೇಕಿತ್ತು ಹೇಳಿ?

ನನ್ನ ಕಷ್ಟವೂ ಸ್ವಲ್ಪ ಕೇಳಿ. ನಮ್ಮ ತಂದೆ ತೀರಿಕೊಂಡಾಗ ಬಂದವರೆಲ್ಲ ಮಾತಾಡಿದರು. ಯಾವ ಡಾಕ್ಟರಿಗೆ ತೋರಿಸಬೇಕಿತ್ತು, ಯಾವ ಎಣ್ಣೆ ಬಿಡಬೇಕಿತ್ತು ಅಂತೆಲ್ಲ. ಪಕ್ಕದ ಮನೆಯ ಮುದುಕರೊಬ್ಬರು ಮಾತ್ರ ಬಂದು ಜಗಲಿಯಲ್ಲಿ ಕೂತರು, ಕಾಫಿ ಕುಡಿದರು, ಎದ್ದು ಹೋದರು. ಮೂರು ದಿನ ಹಾಗೇ ಬಂದರು. ಇವತ್ತಿಗೂ ನೆನಪಿರುವುದು ಅವರೊಬ್ಬರೇ. ಬೈಬಲಿನಲ್ಲಿ ಎಲ್ಲ ಕಳಕೊಂಡು ಕೂತ ಯೋಬನ ಗೆಳೆಯರೂ ಏಳು ಹಗಲು, ಏಳು ರಾತ್ರಿ ತುಟಿ ಬಿಚ್ಚದೆ ನೆಲದ ಮೇಲೆ ಕೂತಿದ್ದರು. ಆಮೇಲೆ ಬಾಯಿ ತೆರೆದರು ನೋಡಿ, ಎಲ್ಲ ಕೆಟ್ಟಿತು.

ಈಗ ಎಲ್ಲಿ ಹೋದರೂ ಸ್ಪೀಕರ್. ಮದುವೆಯಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಧಾರಾವಾಹಿಯಲ್ಲಿ ಅತ್ತೆ ತಿರುಗಿ ನೋಡಿದರೂ ಮೂರು ಸಲ ಢಂ. ಸಂತಾಪ ಸಭೆಯ ಒಂದು ನಿಮಿಷದ ಮೌನವನ್ನು ಕೈಗಡಿಯಾರ ಹಿಡಿದು ಅಳೆದಿದ್ದೇನೆ. ಇಪ್ಪತ್ತು ಸೆಕೆಂಡ್ ದಾಟಿದರೆ ಜಾಸ್ತಿ. ದೇವರ ವಾಕ್ಯ ಓದುವಾಗಲೂ ಹಿಂದೆ ಕೀಬೋರ್ಡ್ ಕುಂಯ್ಗುಡುತ್ತಿರಬೇಕು ಅಂತ ಯಾರು ಹೇಳಿಕೊಟ್ಟರೋ ಕಾಣೆ.

ಮುಂದಿನ ಸಲ ನಾಟಕ ಆಡುವಾಗ ಬೆಂಕಿ ಆರಿದ ಮೇಲೆ ಕೀಬೋರ್ಡಿನ ಸ್ವಿಚ್ ಆಫ್ ಮಾಡಿಸಿ. ಹತ್ತು ಎಣಿಸಿ. ಯಾರೋ ಕೆಮ್ಮುತ್ತಾರೆ, ಕೆಮ್ಮಲಿ. ಮಗು ಅತ್ತರೆ ಅಳಲಿ. ಆಮೇಲೆ ಎಲೀಯ ಕಂಬಳಿಯಿಂದ ಮುಖ ಮುಚ್ಚಿಕೊಂಡು ಗುಹೆಯ ಬಾಗಿಲಿಗೆ ಬರಲಿ. ನನಗೂ ಹೇಳಿಕಳಿಸಿ, ಬರುತ್ತೇನೆ. ಸ್ಪೀಕರಿನಿಂದ ದೂರ ಒಂದು ಕುರ್ಚಿ ಹಾಕಿಸಿದರೆ ಸಾಕು.