ಗೇರ್ ಬಿಡದ ಸ್ಟರ್ನ್‌ಡ್ರೈವ್

ಪ್ರಶ್ನೆ: ನನ್ನ ಬಳಿ ಹಳೆಯ ಸ್ಟರ್ನ್‌ಡ್ರೈವ್ ಬೋಟ್ ಇದೆ, ಅಂದರೆ ಎಂಜಿನ್ ಬೋಟಿನೊಳಗೆ, ಪ್ರೊಪೆಲ್ಲರ್ ಇರುವ ಡ್ರೈವ್ ಹಿಂಬದಿಯ ಹೊರಗೆ. ಗೇರ್‌ಗೆ ಹಾಕುವಾಗ ಹೆಚ್ಚು ತೊಂದರೆಯಿಲ್ಲ, ಆದರೆ ನ್ಯೂಟ್ರಲ್‌ಗೆ ತರುವಾಗ ಲಿವರ್ ಬಿಗಿಯಾಗುತ್ತದೆ, ಎಷ್ಟೋ ಸಲ ಎಂಜಿನ್ನೇ ನಿಂತುಹೋಗುತ್ತದೆ. ಎಂಜಿನ್ ಬಳಿ ಗೇರ್ ಕೇಬಲ್‌ಗಳು ಸೇರುವ ಶಿಫ್ಟ್ ಪ್ಲೇಟ್ ಮೇಲಿರುವ ಸ್ವಿಚ್ಚಿನ ವೈರ್ ಕಿತ್ತುಬಿಟ್ಟರೆ ಸರಿಹೋಗುತ್ತದೆ ಎಂದು ಪರಿಚಿತರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಖಂಡಿತ ಬೇಡ. ನಿಮ್ಮ ಡ್ರೈವ್‌ನ ಕೆಳಭಾಗದಲ್ಲಿ ಡಾಗ್ ಕ್ಲಚ್ (ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಗೇರ್ ಕೂಡಿಸುವ ಜೋಡಣೆ) ಇದೆ ಎಂಬುದು ಈ ಲಕ್ಷಣಗಳಿಂದಲೇ ತಿಳಿಯುತ್ತದೆ. ಎಂಜಿನ್ ಎಳೆಯುತ್ತಿರುವಾಗ ಅದರ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಕೇಬಲ್ ಮೇಲೆ ಭಾರ ಬಿದ್ದೊಡನೆ ಆ ಸ್ವಿಚ್ ಇಗ್ನಿಷನ್ ಅನ್ನು ಕ್ಷಣಮಾತ್ರ ಕಡಿದು ಹಲ್ಲುಗಳ ಒತ್ತಡವನ್ನು ಸಡಿಲಿಸುತ್ತದೆ. ಕೇಬಲ್ಲೇ ಬಿಗಿಯಾಗಿದ್ದರೆ ಸ್ವಿಚ್ ಒತ್ತಿದಂತೆಯೇ ಉಳಿಯುತ್ತದೆ, ಎಂಜಿನ್ ನಿಲ್ಲುತ್ತದೆ. ವೈರ್ ಕಿತ್ತರೆ ಎಂಜಿನ್ ನಿಲ್ಲದಿರಬಹುದು, ಆದರೆ ದಡ ಸಮೀಪಿಸಿದಾಗ ಬೋಟ್ ಗೇರ್ ಬಿಡದೆ ಮುನ್ನುಗ್ಗುವ ಅಪಾಯವಿದೆ.

ಮೊದಲು ಅನುಮಾನಿಸಬೇಕಾದದ್ದು ಶಿಫ್ಟ್ ಪ್ಲೇಟ್‌ನಿಂದ ಹಿಂಬದಿಯ ಗೋಡೆಯ ಮೂಲಕ ಡ್ರೈವ್‌ಗೆ ಹೋಗುವ ಕೆಳಗಿನ ಕೇಬಲ್ ಅನ್ನು. ಎಂಜಿನ್ ಆಫ್ ಮಾಡಿ, ಕೀ ತೆಗೆದಿಟ್ಟುಕೊಂಡು, ಲಿವರ್‌ನಿಂದ ಬರುವ ಕೇಬಲ್ಲಿನ ತುದಿಯನ್ನು ಶಿಫ್ಟ್ ಪ್ಲೇಟ್‌ನಿಂದ ಬಿಚ್ಚಿರಿ. ಇನ್ನೊಬ್ಬರು ಪ್ರೊಪೆಲ್ಲರ್ ಅನ್ನು ನಿಧಾನವಾಗಿ ತಿರುಗಿಸುತ್ತಿರುವಾಗ ಕೆಳಗಿನ ಕೇಬಲ್ ಅನ್ನು ಕೈಯಿಂದ ಆಚೀಚೆ ಸರಿಸಿ ನೋಡಿ. ಪ್ರೊಪೆಲ್ಲರ್ ತಿರುಗದಿದ್ದರೆ ಹಲ್ಲುಗಳು ಕೂಡದೇ ಇರಬಹುದು, ಆದ್ದರಿಂದ ಬಲ ಪ್ರಯೋಗಿಸಬೇಡಿ. ಬೆರಳುಗಳ ಬಲಕ್ಕೇ ಅದು ಸರಾಗವಾಗಿ ಜಾರಬೇಕು. ಜಾರಿದರೆ ದೋಷ ಲಿವರ್‌ನಲ್ಲಿ ಅಥವಾ ಅದರ ಕೇಬಲ್ಲಿನಲ್ಲಿದೆ. ಜಾರದಿದ್ದರೆ ಡ್ರೈವ್ ಅನ್ನು ಬೋಟಿನಿಂದ ಬಿಚ್ಚಿ ಇಳಿಸಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಿರಿ. ಆಗಲೂ ಬಿಗಿಯೆನಿಸಿದರೆ ಕೇಬಲ್ ಸವೆದಿದೆ. ಹಗುರವಾದರೆ ಡ್ರೈವ್ ಒಳಗಿನ ಶಿಫ್ಟ್ ಶಾಫ್ಟ್ ಹಿಡಿದುಕೊಂಡಿದೆ ಎಂದರ್ಥ.

ಸ್ಟಿಯರಿಂಗ್ ತಿರುಗಿಸಿದಂತೆಲ್ಲ ಬಾಗಬೇಕಾದ ಜಾಗದಲ್ಲಿ ಈ ಕೇಬಲ್ಲಿನ ಹೊರಕವಚ ಬಿರುಕು ಬಿಡುತ್ತದೆ, ನೀರು ಸೇರಿ ಒಳತಂತಿ ತುಕ್ಕು ಹಿಡಿಯುತ್ತದೆ. ಕೇಬಲ್ಲಿನ ಒಳತುದಿಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಅದು ಗೇರಿನ ಸಮಸ್ಯೆಯಷ್ಟೇ ಅಲ್ಲ, ಬೋಟಿಗೆ ನೀರು ನುಗ್ಗುವ ದಾರಿಯೂ ಹೌದು. ಎಣ್ಣೆ ಬಿಟ್ಟು ಕೆಲದಿನ ತಳ್ಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಕಾಲಹರಣ. ಹೊಸ ಕೇಬಲ್ ಹಾಕುವಾಗ ಅದರ ರಬ್ಬರ್ ಬೆಲ್ಲೋಸ್ (ನೀರು ತಡೆಯುವ ಮಡಿಕೆಯ ಕೊಳವೆ) ಮತ್ತು ಕ್ಲ್ಯಾಂಪುಗಳನ್ನೂ ಬದಲಿಸಿ. ಡ್ರೈವ್ ಇಳಿಸುವ ಮುನ್ನ ಅದು ಯಾವ ಗೇರ್‌ನಲ್ಲಿರಬೇಕು ಎಂಬುದನ್ನೂ ಕೇಬಲ್ ಹೊಂದಿಸುವ ಅಳತೆಯನ್ನೂ ನಿಮ್ಮ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಎಂಜಿನ್ ಆಫ್ ಇರುವಾಗ ಮುಂದಿನ ಮತ್ತು ಹಿಂದಿನ ಗೇರ್‌ಗಳಲ್ಲಿ ಹಲ್ಲುಗಳು ಪೂರ್ತಿ ಕೂಡುತ್ತವೆಯೇ, ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಎರಡೂ ಕಡೆಗೆ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿ.

ಐಡಲ್ ವೇಗ (ಥ್ರಾಟಲ್ ಕೊಡದಿರುವಾಗ ಎಂಜಿನ್ ತಿರುಗುವ ವೇಗ) ಹೆಚ್ಚಿದ್ದರೂ ಗೇರ್ ಬಿಡುವುದು ಕಷ್ಟ, ಅದನ್ನೂ ಕೈಪಿಡಿಯಂತೆ ಇಳಿಸಿರಿ. ಲಿವರ್ ಅನ್ನು ಮೆಲ್ಲಗೆ ತಳ್ಳುವುದು ಸೌಮ್ಯವೆಂದು ತೋರಿದರೂ ಹಲ್ಲುಗಳನ್ನು ಉಜ್ಜಿ ಕೆಡಿಸುತ್ತದೆ. ಒಂದೇ ದೃಢ ಚಲನೆಯಲ್ಲಿ ಹಾಕಿರಿ. ಇಷ್ಟಾದ ಮೇಲೂ ವೇಗ ಹೆಚ್ಚಿಸಿದಾಗ ಗೇರ್ ತಾನಾಗಿ ಜಾರಿ ಕಟಕಟ ಸದ್ದು ಬಂದರೆ ಹಲ್ಲುಗಳ ಅಂಚು ಸವೆದಿರುವ ಸಾಧ್ಯತೆ ಹೆಚ್ಚು. ಆಗ ಬೋಟ್ ಓಡಿಸುವುದನ್ನು ನಿಲ್ಲಿಸಿ, ಡ್ರೈವ್‌ನ ಕೆಳಭಾಗವನ್ನು ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಬೇಕು.